ಎದೆಗೆ ಹಾಕಿದ ಪೈಪಿನಿಂದ ಈಗ ಏನೂ ಬರುತ್ತಿಲ್ಲ: ಅಪ್ಪ ಹುಷಾರಾದರು ಅಂತಲೇ?

ಪ್ರಶ್ನೆ: ನಮ್ಮದು ಅಂಕೋಲಾ ಹತ್ತಿರದ ಹಳ್ಳಿ. ಅಪ್ಪನಿಗೆ 58 ವರ್ಷ. ಗದ್ದೆ ಕೆಲಸ ಮಾಡುತ್ತಾರೆ, ಸಕ್ಕರೆ ಕಾಯಿಲೆ ಇದೆ. ನಾಟಿ ಮುಗಿದ ಮೇಲೆ ಜ್ವರ, ಕೆಮ್ಮು ಶುರುವಾಯಿತು. ಉಸಿರು ಎಳೆದರೆ ಬಲ ಪಕ್ಕೆ ಚುಚ್ಚುತ್ತಿತ್ತು. ಎರಡು ವಾರ ಮಾತ್ರೆ ತಿಂದರೂ ಕಡಿಮೆಯಾಗಲಿಲ್ಲ. ಎಕ್ಸ್‌ರೇ ತೆಗೆದಾಗ ಎದೆಯಲ್ಲಿ ನೀರು ತುಂಬಿದೆ ಎಂದರು. ಸೂಜಿ ಹಾಕಿದರೆ ಕೀವು ಬಂತು. ಕಾರವಾರದ ಆಸ್ಪತ್ರೆಯಲ್ಲಿ ಪೈಪ್ ಹಾಕಿ ಬಾಟ್ಲಿ ಜೋಡಿಸಿದ್ದಾರೆ. ಮೊದಲ ದಿನ 1,200 ಮಿಲೀ ಬಂತು, ನಡುವೆ ಒಮ್ಮೆ ಕ್ಲಿಪ್ ಹಾಕಿ ನಿಲ್ಲಿಸಿದರು. ಇವತ್ತು ಆರನೇ ದಿನ, 40 ಮಿಲೀ ಮಾತ್ರ ಬಂದಿದೆ. ನೀರಿನ ಅಲುಗಾಟವೂ ನಿಂತಿದೆ. ಆದರೆ ಸಂಜೆ ಹೊತ್ತಿಗೆ ಜ್ವರ ಬರುತ್ತಲೇ ಇದೆ. ಡಾಕ್ಟರು ಸಿಟಿ ಸ್ಕ್ಯಾನ್ ಮಾಡಿಸಿ, ಆಪರೇಷನ್ ಬೇಕಾಗಬಹುದು, ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಿ ಎನ್ನುತ್ತಾರೆ. ಪೈಪಿನಲ್ಲಿ ಬರುವುದೇ ನಿಂತ ಮೇಲೆ ಆಪರೇಷನ್ ಯಾಕೆ? ಪಕ್ಕದ ಬೆಡ್ಡಿನ ಹುಡುಗನ ಪೈಪನ್ನು ನಾಲ್ಕೇ ದಿನಕ್ಕೆ ತೆಗೆದರು. ಎದೆಗೆ ಪೈಪ್ ಹಾಕಿದರೆ ಕೊನೇ ಹಂತ ಎಂದು ನೆಂಟರು ಹೆದರಿಸುತ್ತಿದ್ದಾರೆ. ಟಿಬಿ ಇರಬೇಕು ಅಂತಲೂ ಹೇಳುತ್ತಾರೆ. ನೀರು ಕಡಿಮೆ ಕುಡಿಸಿ, ಮೀನು ನಂಜು, ಕೊಡಬೇಡಿ ಎನ್ನುತ್ತಾರೆ. ಬಿಡುಗಡೆಯಾದ ಮೇಲೆ ಶಿರಸಿಯಲ್ಲಿರುವ ಅಕ್ಕನ ಮನೆಗೆ ಕರೆದುಕೊಂಡು ಹೋಗಬಹುದೇ?

ಉತ್ತರ: ನಿಮ್ಮ ದೊಡ್ಡ ಗೊಂದಲ ನನಗೆ ಅರ್ಥವಾಗುತ್ತದೆ. ಬಾಟ್ಲಿಗೆ ಬರುವುದು ಕಡಿಮೆಯಾಗಿದೆ, ಅಂದರೆ ಒಳಗೆ ಖಾಲಿಯಾಗಿದೆ, ಇನ್ನು ಆಪರೇಷನ್ ಏಕೆ ಅನ್ನುವುದು ಅಲ್ವಾ? ಬಾಟ್ಲಿ ನೋಡುತ್ತ ಕೂತವರಿಗೆ ಹಾಗೆ ಅನಿಸುವುದು ಸಹಜ. ಆದರೆ ಜ್ವರ ಹಾಗೇ ಇದೆ. ನೀರು ಬರುವುದು ನಿಂತು ಜ್ವರವೂ ನಿಂತಿದ್ದರೆ ನಾನೂ ಸಂತೋಷಪಡುತ್ತಿದ್ದೆ. ಬರುವುದು ನಿಂತು ಜ್ವರ ಉಳಿದಿದೆ ಎಂದರೆ, ಹೆಚ್ಚಿನ ಸಲ ಕೀವು ಒಳಗೇ ಇದೆ, ಪೈಪಿಗೆ ಸಿಗುತ್ತಿಲ್ಲ ಎಂದೇ ಅರ್ಥ. ನಿಮ್ಮ ಡಾಕ್ಟರು ಹೇಳಿದ್ದು ಸರಿಯಾಗಿಯೇ ಇದೆ.

ಮೊದಲು ಪೈಪ್ ಎಲ್ಲಿದೆ ಎಂದು ಹೇಳುತ್ತೇನೆ. ಅದನ್ನು ಶ್ವಾಸಕೋಶಕ್ಕೆ ತೂತು ಮಾಡಿ ಹಾಕಿರುವುದಿಲ್ಲ. ಶ್ವಾಸಕೋಶದ ಮೇಲೆ ಒಂದು ತೆಳು ಪೊರೆ ಇದೆ, ಎದೆಗೂಡಿನ ಒಳಗೋಡೆಗೂ ಒಂದು ಪೊರೆ ಇದೆ. ಇವಕ್ಕೆ ಪ್ಲೂರಾ ಎನ್ನುತ್ತೇವೆ. ಎರಡರ ನಡುವೆ ಆರೋಗ್ಯವಂತರಲ್ಲಿ ಒಂದೆರಡು ಚಮಚದಷ್ಟು ದ್ರವ ಮಾತ್ರ ಇರುತ್ತದೆ. ಒದ್ದೆಯಾದ ಎರಡು ಬಾಳೆ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಜಾರುವ ಹಾಗೆ, ಉಸಿರಾಡುವಾಗ ಈ ಪೊರೆಗಳು ಜಾರುತ್ತವೆ. ಆ ಸಂದಿಯಲ್ಲಿ ನೀರು, ಕೀವು, ರಕ್ತ ಅಥವಾ ಗಾಳಿ ಸೇರಿದರೆ ಶ್ವಾಸಕೋಶ ಪೂರ್ತಿ ಅರಳುವುದಿಲ್ಲ. ಪೈಪ್ ಇರುವುದು ಈ ಸಂದಿಯಲ್ಲಿ. ಸಾಮಾನ್ಯವಾಗಿ ಕಂಕುಳಿನ ಕೆಳಗೆ, ನಾಲ್ಕು–ಐದನೇ ಪಕ್ಕೆಲುಬುಗಳ ಸಂದಿನಲ್ಲಿ, ಜಾಗ ಮರಗಟ್ಟಿಸಿ ಹಾಕುತ್ತಾರೆ.

ಇದು ಕೊನೇ ಹಂತದ ಚಿಕಿತ್ಸೆ ಅಲ್ಲವೇ ಅಲ್ಲ. ಕೀವು ಇದ್ದರೆ ಮಾಡಬೇಕಾದ ಮೊದಲ ಕೆಲಸವೇ ಇದು. ಎದೆಯ ಕೀವನ್ನು ಹೊರಗೆ ಬಿಡಬೇಕು ಎಂಬುದು ಗ್ರೀಸಿನ ಹಿಪ್ಪೊಕ್ರೆಟಿಸ್ ಕಾಲದಿಂದಲೂ ವೈದ್ಯರಿಗೆ ಗೊತ್ತು. ಆಂಟಿಬಯೋಟಿಕ್ ಎಷ್ಟೇ ಒಳ್ಳೆಯದಿರಲಿ, ಗಟ್ಟಿ ಕೀವಿನ ಒಳಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ನನ್ನ ಅನುಭವದಲ್ಲಿ ತೊಂದರೆಗೆ ಸಿಕ್ಕಿಕೊಳ್ಳುವವರಲ್ಲಿ ಹೆಚ್ಚಿನವರು ಪೈಪ್ ಬೇಡ ಎಂದು ಗಾವಟಿ ಔಷಧಿ, ಕಷಾಯ ಎಂದು ವಾರಗಟ್ಟಲೆ ಮುಂದೂಡಿ ಬಂದವರು. ಹೆದರಿಸುವ ನೆಂಟರಿಗೆ ಇಷ್ಟನ್ನು ತಿಳಿಸಿ.

ಈಗ ಬಾಟ್ಲಿ. ಅದರಲ್ಲಿ ಮೊದಲೇ ಸ್ವಲ್ಪ ನೀರು ಹಾಕಿ, ಪೈಪಿನ ತುದಿಯನ್ನು ಸುಮಾರು 2 ಸೆಂಟಿಮೀಟರ್ ಮುಳುಗಿಸಿ ಇಟ್ಟಿರುತ್ತಾರೆ. ಎದೆಯಿಂದ ಕೀವು, ಗಾಳಿ ಹೊರಗೆ ಬರಬಹುದು. ನೀರಿನ ತಡೆ ಇರುವುದರಿಂದ ಹೊರಗಿನ ಗಾಳಿ ವಾಪಸ್ ಎದೆಗೆ ಹೋಗಲಾರದು. ಉಸಿರಾಡಿದ ಹಾಗೆ ನಳಿಗೆಯಲ್ಲಿ ನೀರು ಮೇಲೆ ಕೆಳಗೆ ಆಡುತ್ತದೆ. ಆಡುತ್ತಿದ್ದರೆ ಪೈಪ್ ತೆರೆದಿದೆ, ಎದೆಯ ಜೊತೆ ಸಂಪರ್ಕ ಇದೆ ಎಂದು. ಅಲುಗಾಟ ನಿಂತರೆ ಎರಡು ಕಾರಣ ಇರಬಹುದು: ಒಂದೋ ಶ್ವಾಸಕೋಶ ಪೂರ್ತಿ ಅರಳಿ ಸಂದಿ ಮುಚ್ಚಿದೆ, ಇಲ್ಲವೇ ಪೈಪ್ ಕಟ್ಟಿದೆ ಅಥವಾ ಮಡಚಿದೆ. ನಿಮ್ಮ ಅಪ್ಪನಿಗೆ ಜ್ವರ ಇರುವುದರಿಂದ ಎರಡನೆಯದನ್ನೇ ಮೊದಲು ಯೋಚಿಸಬೇಕು. ಪೈಪ್ ಮೈ ಕೆಳಗೆ ಸಿಕ್ಕಿಕೊಂಡಿದೆಯಾ ಎಂದು ಈಗಲೇ ನೋಡಿ. ಮಲಗಿದವರ ಸೊಂಟದ ಕೆಳಗೆ ಪೈಪ್ ಮಡಚಿ ಹೋಗಿರುವುದನ್ನು ನಾನು ರೌಂಡ್ಸ್‌ನಲ್ಲಿ ಮತ್ತೆ ಮತ್ತೆ ಕಾಣುತ್ತೇನೆ. ಮಡಚಿಲ್ಲದಿದ್ದರೆ ಡಾಕ್ಟರು ಸ್ವಚ್ಛ ಸಲೈನ್ ಹಾಕಿ ಪೈಪ್ ತೊಳೆದು ನೋಡುತ್ತಾರೆ. ಅದನ್ನು ನೀವು ಮಾಡುವುದಲ್ಲ. ಪೈಪನ್ನು ಹಿಂಡುವುದೂ ಬೇಡ.

ಮೊದಲ ದಿನ ಕ್ಲಿಪ್ ಹಾಕಿ ನಿಲ್ಲಿಸಿದ್ದರಿಂದ ನಿಮಗೆ ಅನುಮಾನ ಬಂದಂತಿದೆ. ಅದು ಜಾಗ್ರತೆಯ ಕ್ರಮ. ಬಹಳ ದಿನ ಒತ್ತಿಹೋಗಿದ್ದ ಶ್ವಾಸಕೋಶ ಒಮ್ಮೆಲೇ ಅರಳಿದರೆ ಅದರೊಳಗೇ ನೀರು ಇಳಿದು ಉಸಿರು ಕಟ್ಟಬಹುದು. ಅದಕ್ಕೇ ಒಂದೇ ಸಲಕ್ಕೆ ಸುಮಾರು ಒಂದೂವರೆ ಲೀಟರಿಗಿಂತ ಜಾಸ್ತಿ ಬಿಡುವುದಿಲ್ಲ. ನಡುವೆ ಕೆಮ್ಮು, ಎದೆ ಬಿಗಿತ ಬಂದರೆ ಅದಕ್ಕೂ ಮೊದಲೇ ನಿಲ್ಲಿಸುತ್ತಾರೆ.

ಪಕ್ಕದ ಬೆಡ್ಡಿನ ಹುಡುಗನ ವಿಷಯ ಬೇರೆ. ನಾಲ್ಕು ದಿನಕ್ಕೆ ತೆಗೆದರು ಎಂದರೆ ಬಹುಶಃ ಅವನದು ಗಾಳಿ ಸೇರಿದ್ದು. ಎತ್ತರದ, ತೆಳ್ಳಗಿನ ಹುಡುಗರಲ್ಲಿ, ಅದರಲ್ಲೂ ಸಿಗರೇಟು ಸೇದುವವರಲ್ಲಿ, ಶ್ವಾಸಕೋಶದ ಮೇಲಿನ ಸಣ್ಣ ಗುಳ್ಳೆ ಒಡೆದು ಗಾಳಿ ಸಂದಿಗೆ ಬರುತ್ತದೆ. ಆಗ ಬಾಟ್ಲಿಯಲ್ಲಿ ಗುಳುಗುಳು ಗುಳ್ಳೆ ಏಳುತ್ತದೆ. ತೂತು ಮುಚ್ಚಿದ ಮೇಲೆ ಗುಳ್ಳೆ ನಿಲ್ಲುತ್ತದೆ, ಎಕ್ಸ್‌ರೇ ನೋಡಿ ಪೈಪ್ ತೆಗೆಯುತ್ತಾರೆ. ಗುಳ್ಳೆ ಬರುತ್ತಿರುವ ಪೈಪಿಗೆ ಕ್ಲಿಪ್ ಹಾಕುವುದು ಅಪಾಯ. ಗಾಳಿ ಒಳಗೇ ತುಂಬಿ ಹೃದಯವನ್ನೇ ಪಕ್ಕಕ್ಕೆ ತಳ್ಳಿಬಿಡಬಹುದು. ಆ ಹುಡುಗನಿಗೂ ಒಂದು ಮಾತು ದಾಟಿಸಿ: ಎಕ್ಸ್‌ರೇಯಲ್ಲಿ ಪೂರ್ತಿ ಸರಿಯಾಗಿ ಕನಿಷ್ಠ ಒಂದು ವಾರ ಆಗುವವರೆಗೆ ವಿಮಾನ ಹತ್ತಬಾರದು. ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಅಂತೂ ಬೇಡವೇ ಬೇಡ, ತಜ್ಞ ವೈದ್ಯರು ಖುದ್ದಾಗಿ ಒಪ್ಪದ ಹೊರತು. ಸಿಲಿಂಡರಿನ ಗಾಳಿ ಎಳೆದು ಮೇಲೆ ಬರುವಾಗ ಒಳಗಿನ ಗಾಳಿ ಹಿಗ್ಗುತ್ತದೆ. ಒಮ್ಮೆ ಒಡೆದ ಶ್ವಾಸಕೋಶ ಮತ್ತೆ ಒಡೆಯುವ ಸಾಧ್ಯತೆ ಹೆಚ್ಚು.

ನಿಮ್ಮ ಅಪ್ಪನದು ಕೀವು. ನಾವು ಇದಕ್ಕೆ ಎಂಪಯೀಮಾ ಎನ್ನುತ್ತೇವೆ. ಸಾಮಾನ್ಯವಾಗಿ ನ್ಯುಮೋನಿಯಾದಿಂದ ಶುರುವಾಗುತ್ತದೆ. ಮೊದಲ ದಿನಗಳಲ್ಲಿ ತೆಳು ನೀರು, ಪೈಪಿನಲ್ಲಿ ಸಲೀಸಾಗಿ ಬರುತ್ತದೆ. ಒಂದು ವಾರ ದಾಟಿದರೆ ನೀರು ಗಟ್ಟಿಯಾಗುತ್ತ, ನಡುವೆ ಪೊರೆಗಳು ಕಟ್ಟುತ್ತವೆ. ಆಗ ಒಂದೇ ಜಾಗದಲ್ಲಿದ್ದ ಕೀವು ಬೇರೆ ಬೇರೆ ಭಾಗಗಳಾಗಿ ಒಡೆಯುತ್ತದೆ. ಪೈಪ್ ಒಂದು ಭಾಗದಲ್ಲಿ ಇರುತ್ತದೆ, ಉಳಿದ ಭಾಗಗಳ ಕೀವು ಅಲ್ಲೇ ಕೂರುತ್ತದೆ. ಇನ್ನೂ ಕೆಲವು ವಾರ ಬಿಟ್ಟರೆ ಶ್ವಾಸಕೋಶದ ಸುತ್ತ ದಪ್ಪ ಸಿಪ್ಪೆ ಕಟ್ಟಿ ಅದು ಅರಳದಂತೆ ಹಿಡಿದುಬಿಡುತ್ತದೆ. ನಿಮ್ಮ ಅಪ್ಪನಿಗೆ ಎರಡು ವಾರ ಮಾತ್ರೆಯಲ್ಲೇ ಹೋಗಿದೆ. ಹಾಗಾಗಿ ಅವರು ಮಧ್ಯದ ಹಂತದಲ್ಲಿ ಇರಬಹುದು ಎಂದು ನನ್ನ ಅಂದಾಜು. ಸಿಟಿ ಸ್ಕ್ಯಾನ್ ಇದನ್ನು ತೋರಿಸುತ್ತದೆ. ಒಳಗಿನ ಪೊರೆಗಳನ್ನು ನೋಡಲು ಎದೆಯ ಅಲ್ಟ್ರಾಸೌಂಡ್ ಸಿಟಿಗಿಂತಲೂ ಚೆನ್ನಾಗಿರುತ್ತದೆ, ಹಾಸಿಗೆಯ ಪಕ್ಕದಲ್ಲೇ ಮಾಡಬಹುದು.

ಯಾವ ರೋಗಾಣು ಎನ್ನುವ ಪ್ರಶ್ನೆಯನ್ನು ನೀವು ಕೇಳಿಲ್ಲ. ನಾನು ಬಹಳ ಒತ್ತಿ ಹೇಳಬೇಕಾದದ್ದು ಅದನ್ನೇ. ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಕೇಳಿ: ಕೀವಿನ ಕಲ್ಚರ್ (ರೋಗಾಣು ಬೆಳೆಸಿ ಗುರುತಿಸುವ ಪರೀಕ್ಷೆ) ವರದಿ ಬಂತೇ? ಅದರಲ್ಲಿ ಏನು ಬೆಳೆದಿದೆ?

ಯಾಕೆ ಎಂದರೆ, ಎದೆಯಲ್ಲಿ ನೀರು ಎಂದ ಕೂಡಲೇ ನಮ್ಮಲ್ಲಿ ಟಿಬಿ ಎಂದು ತೀರ್ಮಾನಿಸಿಬಿಡುತ್ತಾರೆ. ನಮ್ಮ ದೇಶದಲ್ಲಿ ಟಿಬಿಯಿಂದ ನೀರು ತುಂಬುವುದು ಸಾಮಾನ್ಯ, ನಿಜ. ಆದರೆ ಹೃದಯ ಸೋತರೆ, ಲಿವರ್ ಅಥವಾ ಕಿಡ್ನಿ ಕೆಟ್ಟರೆ, ಕ್ಯಾನ್ಸರ್ ಇದ್ದರೆ, ನ್ಯುಮೋನಿಯಾ ಆದರೆ, ಎಲ್ಲದರಲ್ಲೂ ನೀರು ತುಂಬುತ್ತದೆ. ಅದಕ್ಕೇ ತೆಗೆದ ನೀರಿನಲ್ಲಿ ಪ್ರೋಟೀನ್, ಎಲ್‌ಡಿಎಚ್ ಎಂಬ ಕಿಣ್ವ, ಜೀವಕೋಶಗಳು ಎಲ್ಲ ನೋಡುವುದು. ಟಿಬಿ ಅನುಮಾನಕ್ಕೆ ಎಡಿಎ ಎಂಬ ಪರೀಕ್ಷೆ ಮಾಡುತ್ತಾರೆ. ತಿಳಿ ನೀರಿನಲ್ಲಿ ಅದು 40ಕ್ಕಿಂತ ಹೆಚ್ಚಿದ್ದು, ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳೂ ಜಾಸ್ತಿ ಇದ್ದರೆ ಟಿಬಿ ಕಡೆಗೆ ವಾಲುತ್ತೇವೆ. ಆದರೆ ಕೀವಿನಲ್ಲಿ ಟಿಬಿ ಇಲ್ಲದಿದ್ದರೂ ಎಡಿಎ ಏರಿರಬಹುದು. ಅದೊಂದೇ ಅಂಕಿ ಹಿಡಿದು ನಿಮ್ಮ ಅಪ್ಪನಿಗೆ ಆರು ತಿಂಗಳ ಟಿಬಿ ಮಾತ್ರೆ ಶುರು ಮಾಡುವುದನ್ನು ನಾನು ಒಪ್ಪುವುದಿಲ್ಲ. ಕಫ ಮತ್ತು ಕೀವನ್ನು ಟಿಬಿಯ ಜೀನ್ ಪರೀಕ್ಷೆಗೂ ಕಲ್ಚರಿಗೂ ಕಳಿಸಬೇಕು. ಟಿಬಿ ಎಂದೇ ಖಚಿತವಾದರೂ ಸಂಕೋಚ ಬೇಡ. ಔಷಧಿ ಸರ್ಕಾರದಿಂದ ಉಚಿತ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ರೋಗಿಯ ಖಾತೆಗೆ ಬರುತ್ತದೆ.

ಟಿಬಿಯನ್ನೇ ಹೋಲುವ ಇನ್ನೊಂದು ಕಾಯಿಲೆ ನಮ್ಮ ಕರಾವಳಿಯಲ್ಲಿದೆ. ಅದರ ಹೆಸರು ಮೆಲಿಯಾಯ್ಡೋಸಿಸ್. ಈ ಬ್ಯಾಕ್ಟೀರಿಯಾ ಒದ್ದೆ ಮಣ್ಣಿನಲ್ಲಿ, ಕೆಸರು ನೀರಿನಲ್ಲಿ ಇರುತ್ತದೆ. ಮಳೆಗಾಲದಲ್ಲಿ ಕಾಲಿನ ಗಾಯದ ಮೂಲಕ, ಉಸಿರಿನ ಮೂಲಕ ಮೈಗೆ ಸೇರುತ್ತದೆ. ಹಿಡಿಯುವುದು ಹೆಚ್ಚಾಗಿ ಸಕ್ಕರೆ ಕಾಯಿಲೆ ಇರುವವರನ್ನು. ಉಡುಪಿ, ದಕ್ಷಿಣ ಕನ್ನಡದ ಕಡೆ ಇದು ಮತ್ತೆ ಮತ್ತೆ ಕಂಡುಬಂದಿದೆ. ನಮ್ಮ ಗದ್ದೆಗಳ ಮಳೆ, ಮಣ್ಣು ಅದೇ ಥರದ್ದು. 58 ವರ್ಷ, ಸಕ್ಕರೆ, ನಾಟಿ ಕೆಲಸ, ಅದರ ಬೆನ್ನಿಗೇ ಜ್ವರ, ಮಾಮೂಲಿ ಮಾತ್ರೆಗೆ ಜಗ್ಗದ ಎದೆಯ ಕೀವು. ಇಷ್ಟು ಓದಿದಾಗ ನನ್ನ ಮನಸ್ಸಿಗೆ ಮೊದಲು ಬಂದ ಹೆಸರುಗಳಲ್ಲಿ ಇದೂ ಒಂದು. ಇದೇ ಎಂದು ಹೇಳುತ್ತಿಲ್ಲ. ಕೇಳದೆ ಬಿಡಬಾರದು ಎನ್ನುತ್ತಿದ್ದೇನೆ. ಮಾಮೂಲಿ ಆಂಟಿಬಯೋಟಿಕ್‌ಗಳಲ್ಲಿ ಹಲವು ಇದಕ್ಕೆ ನಾಟುವುದಿಲ್ಲ. ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಇಂಜೆಕ್ಷನ್ ಕನಿಷ್ಠ ಎರಡು ವಾರ, ಆಮೇಲೆ ಕೋ-ಟ್ರೈಮೊಕ್ಸಜೋಲ್ ಮಾತ್ರೆ ಕನಿಷ್ಠ ಮೂರು ತಿಂಗಳು ಬೇಕು. ಕಲ್ಚರಿನಲ್ಲಿ ಇದು ಸೂಡೊಮೊನಾಸ್ ಎಂಬ ಬೇರೆ ಬ್ಯಾಕ್ಟೀರಿಯಾ ಜಾತಿಯದ್ದು ಎಂದು ತಪ್ಪಾಗಿ ಗುರುತಾಗುವುದೂ ಉಂಟು. ವರದಿಯಲ್ಲಿ ಹಾಗೆ ಬರೆದಿದ್ದರೆ, ಇದು ಮೆಲಿಯಾಯ್ಡೋಸಿಸ್ ಇರಬಹುದಾ ಎಂದು ಧೈರ್ಯವಾಗಿ ಕೇಳಿ. ಮೊದಲ ಪರೀಕ್ಷೆಗೆ ಕೀವು ಕಳಿಸಿಲ್ಲ ಎಂದಾದರೆ ಈಗಲೂ ಕಳಿಸಬಹುದು. ರಕ್ತದ ಕಲ್ಚರನ್ನೂ ಕೇಳಿ.

ಇನ್ನು ಮುಂದಿನ ದಾರಿ. ಪೈಪ್ ಜಾಗ ತಪ್ಪಿದೆ ಎಂದು ಸ್ಕ್ಯಾನ್ ತೋರಿಸಿದರೆ, ಅಲ್ಟ್ರಾಸೌಂಡ್ ನೋಡುತ್ತಲೇ ಇನ್ನೊಂದು ಪೈಪನ್ನು ಉಳಿದ ಕೀವಿನ ಜಾಗಕ್ಕೆ ಹಾಕಬಹುದು. ಒಂದೆರಡು ದೊಡ್ಡ ಭಾಗಗಳಷ್ಟೇ ಇದ್ದರೆ ಇದು ಸಾಕಾಗುತ್ತದೆ. ಪೊರೆಗಳು ಜಾಸ್ತಿ ಇದ್ದರೆ, ಅವನ್ನು ಕರಗಿಸುವ ಔಷಧಿಯನ್ನು ಪೈಪಿನ ಮೂಲಕವೇ ಒಳಗೆ ಬಿಡುವ ಕ್ರಮವಿದೆ. ಎರಡು ಔಷಧಿಗಳನ್ನು ಜೊತೆಯಾಗಿ ಕೊಟ್ಟರೆ ಆಪರೇಷನ್ ಬೇಕಾಗುವುದು ಕಡಿಮೆಯಾಗುತ್ತದೆ ಎಂದು 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ ತೋರಿಸಿತು. ಆದರೆ ಆ ಜೋಡಿ ದುಬಾರಿ. ನಮ್ಮಲ್ಲಿ ಹಲವು ಕಡೆ ಯೂರೋಕೈನೇಸ್, ಸ್ಟ್ರೆಪ್ಟೊಕೈನೇಸ್ ಬಳಸುತ್ತಾರೆ. ಎದೆಯೊಳಗೆ ರಕ್ತ ಸೋರುವ ಸಣ್ಣ ಅಪಾಯ ಇದ್ದೇ ಇದೆ. ಅಪ್ಪ ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ತಿಳಿಸಿ.

ಮೂರನೆಯದು ಡಾಕ್ಟರು ಹೇಳಿದ ಆಪರೇಷನ್. ಈಗ ಹೆಚ್ಚಾಗಿ ಎರಡು ಮೂರು ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ಹಾಕಿ, ಪೊರೆ ಬಿಡಿಸಿ ಕೀವು ತೊಳೆಯುತ್ತಾರೆ. ಪೂರ್ತಿ ಅರಿವಳಿಕೆ ಬೇಕು. ರಕ್ತಸ್ರಾವ ಆಗಬಹುದು, ಶ್ವಾಸಕೋಶದಿಂದ ಗಾಳಿ ಕೆಲವು ದಿನ ಸೋರಬಹುದು. ಸಿಪ್ಪೆ ದಪ್ಪವಾಗಿದ್ದರೆ ನಡುವೆ ಎದೆ ತೆರೆದು ಮಾಡಬೇಕಾಗಿ ಬರಬಹುದು. ತಡ ಮಾಡಿದಷ್ಟೂ ಹಾಗಾಗುವ ಸಾಧ್ಯತೆ ಹೆಚ್ಚು. ಆಪರೇಷನ್ ತಡೆಯಲಾರದಷ್ಟು ನಿಶ್ಶಕ್ತಿ ಇರುವವರಿಗೆ ಪೈಪನ್ನು ಬಹಳ ದಿನ ಹಾಗೇ ಬಿಟ್ಟು ನಿಧಾನವಾಗಿ ಹೊರಗೆಳೆಯುವ ದಾರಿಯೂ ಇದೆ. ಆದರೆ ಅದು ತಿಂಗಳುಗಳ ಕೆಲಸ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಪೈಪ್ ಮತ್ತು ಸರಿಯಾದ ಆಂಟಿಬಯೋಟಿಕ್ ಕೊಟ್ಟು ಐದರಿಂದ ಏಳು ದಿನದಲ್ಲಿ ಜ್ವರ ಇಳಿಯದಿದ್ದರೆ ಎದೆ ಶಸ್ತ್ರಚಿಕಿತ್ಸಕರನ್ನು ನೋಡಬೇಕು. ನೀವು ಆರನೇ ದಿನದಲ್ಲಿದ್ದೀರಿ. ಹೋಗಿ. ನೋಡಲು ಹೋದರೆ ಆಪರೇಷನ್ ಮಾಡಿಯೇ ಬಿಡುತ್ತಾರೆ ಎಂದೇನಿಲ್ಲ. ಇನ್ನೊಂದು ಪೈಪ್ ಸಾಕು ಎನ್ನಬಹುದು. ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬರೆಸಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಇದೆ. ಆ ಪತ್ರವಿಲ್ಲದೆ ಹೋಗಿ ವಾಪಸ್ ಓಡಾಡುವುದು ಈ ಸ್ಥಿತಿಯಲ್ಲಿ ಬೇಡ.

ಹುಬ್ಬಳ್ಳಿಗೆ ಅಂದರೆ ಅರಬೈಲ್ ಘಟ್ಟ ಹತ್ತಬೇಕು. ಮಣಿಪಾಲಕ್ಕೆ ಅಂದರೆ ಕುಮಟಾ, ಹೊನ್ನಾವರ, ಭಟ್ಕಳ ದಾಟಿ ಹೆದ್ದಾರಿಯಲ್ಲೇ ಉದ್ದಕ್ಕೆ ಹೋಗಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ಕಟ್ಟುವುದು ನಿಮಗೆ ಗೊತ್ತೇ ಇದೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಏನಾಯಿತೆಂದು ಅಂಕೋಲಾದವರಿಗೆ ನಾನು ಹೇಳಬೇಕಿಲ್ಲ. ಹೊರಡುವ ಮೊದಲು ರಸ್ತೆ ವಿಚಾರಿಸಿ. ಸಾಧ್ಯವಾದರೆ ಹಗಲು ಹೊರಡಿ. ಆಂಬುಲೆನ್ಸ್‌ನಲ್ಲಿ ನರ್ಸ್ ಇರಲಿ.

ದಾರಿಯಲ್ಲಿ ಬಾಟ್ಲಿ ಯಾವಾಗಲೂ ಅಪ್ಪನ ಎದೆಗಿಂತ ಕೆಳಗೆ, ನೆಟ್ಟಗೆ ಇರಬೇಕು. ಎದೆಗಿಂತ ಮೇಲೆ ಎತ್ತಿದರೆ ಬಾಟ್ಲಿಯ ನೀರು ಎದೆಗೆ ಹಿಂದಿರುಗುತ್ತದೆ. ಸ್ಟ್ರೆಚರ್‌ಗೆ ಹತ್ತಿಸುವ ಗಡಿಬಿಡಿಯಲ್ಲಿ ಬಾಟ್ಲಿಯನ್ನು ರೋಗಿಯ ಹೊಟ್ಟೆ ಮೇಲೆ ಇಟ್ಟುಬಿಡುವವರು ಇದ್ದಾರೆ. ಬಾಟ್ಲಿಗೆಂದೇ ಒಬ್ಬರು ಇರಲಿ. ಬಾಟ್ಲಿ ಅಲುಗಾಡುತ್ತದೆ ಎಂಬ ಕಾರಣಕ್ಕೆ, ಡಾಕ್ಟರು ಹೇಳದೆ, ಪೈಪಿಗೆ ಕ್ಲಿಪ್ ಹಾಕಬೇಡಿ. ಬಾಟ್ಲಿ ಉರುಳಿದರೆ ಕೂಡಲೇ ನಿಲ್ಲಿಸಿ, ತುದಿ ನೀರಿನಲ್ಲಿ ಮುಳುಗಿದೆಯಾ ನೋಡಿ. ಒಡೆದೇ ಹೋದರೆ ಪೈಪಿನ ತುದಿಯನ್ನು ಶುದ್ಧ ನೀರಿನ ಬೇರೆ ಬಾಟ್ಲಿಯಲ್ಲಿ ಮುಳುಗಿಸಿ ಹಿಡಿಯಿರಿ, ಕುಡಿಯುವ ನೀರಿನ ಬಾಟ್ಲಿ ಆದರೂ ಸರಿ. ಪೈಪೇ ಎದೆಯಿಂದ ಜಾರಿ ಬಂದರೆ ಮತ್ತೆ ಒಳಗೆ ತಳ್ಳಲು ಹೋಗಬೇಡಿ. ಉಸಿರು ಹೊರಗೆ ಬಿಡಲು ಹೇಳಿ, ಸ್ವಚ್ಛ ಗಾಜ್ ಇಟ್ಟು ಮೂರು ಬದಿಗೆ ಮಾತ್ರ ಪ್ಲಾಸ್ಟರ್ ಹಚ್ಚಿ, ಹತ್ತಿರದ ಆಸ್ಪತ್ರೆಗೆ ನಡೆಯಿರಿ. ಒಮ್ಮೆಲೇ ಉಸಿರಾಟ ಜಾಸ್ತಿಯಾದರೆ, ಬಾಟ್ಲಿಗೆ ಕೆಂಪು ರಕ್ತ ಬಂದರೆ, ಎದೆ ಕುತ್ತಿಗೆಯ ಚರ್ಮ ಊದಿ ಮುಟ್ಟಿದರೆ ಚರಚರ ಎಂದರೆ ಆಗಲೂ ಅಷ್ಟೇ.

ಊಟದ ವಿಷಯ. ಎದೆಯ ನೀರಿಗೂ ಕುಡಿಯುವ ನೀರಿಗೂ ಸಂಬಂಧವಿಲ್ಲ. ಹೃದಯ ಅಥವಾ ಕಿಡ್ನಿ ಕಾಯಿಲೆಗೆ ಡಾಕ್ಟರೇ ಮಿತಿ ಹೇಳಿದ್ದರೆ ಬೇರೆ ಮಾತು. ಜ್ವರ ಇರುವವರಿಗೆ ನೀರು ಕಡಿಮೆ ಮಾಡಿದರೆ ಇನ್ನಷ್ಟು ಸುಸ್ತು. ಮೀನು ನಂಜು ಎನ್ನುವುದನ್ನು ದಯವಿಟ್ಟು ಬಿಡಿ. ಕೀವಿನ ಜೊತೆ ಅಪ್ಪನ ಮೈಯಿಂದ ಬಹಳಷ್ಟು ಪ್ರೋಟೀನ್ ಹೋಗುತ್ತಿದೆ. ಬಂಗಡೆ, ತಾರ್ಲೆ ಸಾರು ಮಾಡಿ ಕೊಡಿ. ಮೊಟ್ಟೆ, ಬೇಳೆ, ಮೊಸರು ಎಲ್ಲ ಆಗುತ್ತದೆ. ಬರೀ ಗಂಜಿ ಕುಡಿಸಿ ಮಲಗಿಸಿದರೆ ಗಾಯ ಮಾಯುವುದಿಲ್ಲ, ಸಕ್ಕರೆಯೂ ಏರುತ್ತದೆ. ಈ ಹೊತ್ತಿನಲ್ಲಿ ಸಕ್ಕರೆ ಹಿಡಿತಕ್ಕೆ ತರಲು ಇನ್ಸುಲಿನ್ ಬೇಕೆಂದರೆ ಒಪ್ಪಿಕೊಳ್ಳಿ.

ನೋವನ್ನು ತಡೆದುಕೊಳ್ಳಿ ಎಂದು ಹೇಳಬೇಡಿ. ಪೈಪ್ ಇರುವ ಪಕ್ಕೆ ನೋಯುತ್ತದೆ, ನೋವಿಗೆ ಹೆದರಿ ಅವರು ಮೇಲುಸಿರು ಮಾತ್ರ ಆಡುತ್ತಾರೆ, ಕೆಮ್ಮುವುದಿಲ್ಲ, ಕಫ ಅಲ್ಲೇ ಕೂರುತ್ತದೆ. ಹೊತ್ತಿಗೆ ಸರಿಯಾಗಿ ನೋವಿನ ಮಾತ್ರೆ ಕೇಳಿ. ಸಕ್ಕರೆ ಇರುವವರ ಕಿಡ್ನಿ ನೋಡಿ ಯಾವ ಮಾತ್ರೆ ಎಂದು ಡಾಕ್ಟರು ಆರಿಸುತ್ತಾರೆ. ಅಂಗಡಿಯಿಂದ ನೀವೇ ತರಬೇಡಿ. ಮಾತ್ರೆ ಕೊಟ್ಟು ಅರ್ಧ ಗಂಟೆ ಬಿಟ್ಟು ಕೂರಿಸಿ, ಮೂರು ಚೆಂಡಿನ ಉಸಿರಾಟದ ಸಾಧನ ಕೊಟ್ಟಿದ್ದರೆ ಮಾಡಿಸಿ, ಬಲಗೈ ಮೇಲೆತ್ತಿಸಿ. ಬಾಟ್ಲಿ ಹಿಡಿದುಕೊಂಡು ವಾರ್ಡಿನಲ್ಲಿ ನಾಲ್ಕು ಹೆಜ್ಜೆ ನಡೆಸಬಹುದು.

ಪೈಪ್ ತೆಗೆಯುವುದು ಯಾವಾಗ? ಜ್ವರ ಇಳಿದು, ದಿನಕ್ಕೆ ಬರುವುದು ಸುಮಾರು 100–200 ಮಿಲೀಗಿಂತ ಕಡಿಮೆಯಾಗಿ, ಎಕ್ಸ್‌ರೇಯಲ್ಲಿ ಶ್ವಾಸಕೋಶ ಅರಳಿದ್ದು ಕಂಡರೆ. ಈ ಮೂರೂ ಒಟ್ಟಿಗೆ ಬೇಕು. ತೆಗೆಯುವುದು ಕೆಲವೇ ನಿಮಿಷದ ಕೆಲಸ. ಆಂಟಿಬಯೋಟಿಕ್ ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ. ಒಟ್ಟು ಮೂರು ನಾಲ್ಕು ವಾರ ಸಾಮಾನ್ಯ, ಕೆಲವೊಮ್ಮೆ ಇನ್ನೂ ಹೆಚ್ಚು. ಎಕ್ಸ್‌ರೇ ಪೂರ್ತಿ ತಿಳಿಯಾಗಲು ತಿಂಗಳುಗಳೇ ಬೇಕಾಗಬಹುದು, ಅದಕ್ಕೆ ಗಾಬರಿ ಬೇಡ.

ಶಿರಸಿಗೆ ಕರೆದುಕೊಂಡು ಹೋಗಬಹುದು, ಪೈಪ್ ತೆಗೆದು ಜ್ವರವಿಲ್ಲದೆ ಕೆಲವು ದಿನ ಕಳೆದ ಮೇಲೆ. ಸುಮಾರು 600 ಮೀಟರ್ ಎತ್ತರದಿಂದ ಅವರ ಶ್ವಾಸಕೋಶಕ್ಕೆ ತೊಂದರೆ ಇಲ್ಲ. ಪೈಪ್ ಇಟ್ಟುಕೊಂಡೇ ಹೋಗುವುದು ಮಾತ್ರ ಬೇಡ. ರಾತ್ರಿ ಏನಾದರೂ ಆದರೆ ದೇವಿಮನೆ ಘಟ್ಟ ಇಳಿದು ಬರುವಷ್ಟು ಹೊತ್ತು ನಿಮ್ಮ ಕೈಯಲ್ಲಿ ಇರಲಿಕ್ಕಿಲ್ಲ. ಹೊಲಿಗೆ ಬಿಚ್ಚುವುದು, ಮರು ಎಕ್ಸ್‌ರೇ ಶಿರಸಿಯಲ್ಲೇ ಆಗುತ್ತದೆ. ಹಳೆಯ ಎಕ್ಸ್‌ರೇ, ಸಿಟಿ ಫಿಲ್ಮು, ಕಲ್ಚರ್ ವರದಿ, ದಿನಕ್ಕೆ ಎಷ್ಟು ಬಂತು ಎಂದು ಬರೆದ ಚಾರ್ಟಿನ ಫೋಟೊ, ಎಲ್ಲ ಒಂದೇ ಚೀಲದಲ್ಲಿರಲಿ. ಮೆಲಿಯಾಯ್ಡೋಸಿಸ್ ಎಂದು ಬಂದರೆ ಮಾತ್ರೆ ತಿಂಗಳುಗಟ್ಟಲೆ ತಪ್ಪದೆ ನುಂಗಿಸುವ ಹೊಣೆ ಅಕ್ಕನದು. ಮುಂದಿನ ಮಳೆಗಾಲಕ್ಕೆ ಅಪ್ಪ ಗದ್ದೆಗೆ ಇಳಿಯುವುದಾದರೆ ಗಂಬೂಟು ಹಾಕಿಕೊಂಡೇ ಇಳಿಯಲಿ. ಕಾಲಿನಲ್ಲಿ ಗಾಯವಿದ್ದ ದಿನ ನಾಟಿಯನ್ನು ಬೇರೆಯವರು ಮಾಡಲಿ.